ಕಾಕಾನ ಹಂದರಕ್ಕೆ ಇಷ್ಟೊಂದು ತೂತು ಯಾಕೆ?

ನಮ್ಮ ಕಾಕಾನಿಗೆ ಅಳತೆ ಗೊತ್ತಿಲ್ಲ ಎಂಬುದು ಹುಮನಾಬಾದಿನ ನೆಂಟರೆಲ್ಲರ ಒಮ್ಮತದ ತೀರ್ಪು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು ನಾನು. ಒಮ್ಮತ ಕಂಡರೇ ನನಗೆ ಅನುಮಾನ! ಆದರೂ ಎದುರು ಪಕ್ಷದ ಸಾಕ್ಷಿ ಗಟ್ಟಿಯಾಗಿತ್ತೆಂದು ಒಪ್ಪಲೇಬೇಕು. ಹೀರೆಬಳ್ಳಿ ಹಬ್ಬಿಸಲು ಕಾಕಾ ಮಾಡಿಕೊಂಡ ಹಂದರಕ್ಕೆ ನಾಲ್ಕು ಕಬ್ಬಿಣದ ಕಂಬ, ಮೇಲೊಂದು ಜಾಳಿಗೆಯ ಚೌಕಟ್ಟು. ಚೌಕಟ್ಟನ್ನು ಬಿಗಿಯಲು ಕಂಬಕ್ಕೊಂದು ತೂತು ಸಾಕಲ್ಲವೇ? ಕಾಕಾ ಕೊರೆದದ್ದು ಹತ್ತತ್ತು, ಮೇಲಿನಿಂದ ಕೆಳಕ್ಕೆ!

"ಒಂದ್ ತೂತು ಸರೀಗಿ ಬೀಳಬೇಕಂದ್ರ ಇವರಿಗಿ ಒಂಬತ್ತು ತಪ್ಪಬೇಕು ನೋಡ್" ಎಂದು ಕಾಕಿಯೇ ನಗುತ್ತಿದ್ದಳು. ತೀರ್ಪಿನ ಮೂಲ ಅಲ್ಲಿದೆ.

ಕಾಕಾ ಬಾಡಿಗೆ ಮನೆಗಳಲ್ಲಿ ಬಾಳಿದ ಮನುಷ್ಯ. ಬಿಚ್ಚಿದರೆ ಹೆಗಲ ಮೇಲೆ ಹೊರುವಂತಿರಬೇಕು, ಬಿಗಿದರೆ ಆನೆ ಗುದ್ದಿದರೂ ಅಲುಗಬಾರದು, ಅಂಥ ಹಂದರ ಬೇಕಾಗಿತ್ತು. ಆನೆ ಸಿಗದ್ದರಿಂದ ಪರೀಕ್ಷೆಗೆ ತಾನೇ ಜೋತುಬೀಳುತ್ತಿದ್ದ.

"ಹೀರಿಕಾಯಿ ನಿಮ್ಮಷ್ಟು ತೂಕ ಬರ್ತಾವೇನ್ರಿ?" ಕಿಟಕಿಯಿಂದ ಕಾಕಿ.

"ಬಂದ್ರ?" ಜೋತಾಡುತ್ತಲೇ ಕಾಕಾ.

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಮನೆ ಬದಲಿಸಿದಾಗ ಟೆಂಪೋ ಮೊದಲು ಏರಿದ್ದು ಈ ಹಂದರ. ದಾರಿಯಲ್ಲಿ ಕಾಕಿ ಊಟದ ಡಬ್ಬಿ ತೆರೆದರೆ ಒಳಗೆಲ್ಲ ಬೋಲ್ಟು!

"ರೊಟ್ಟಿ ಎಲ್ಲಿ ಅವರಿ?"

"ಬೋಲ್ಟ್ ಬಿಗಿಯೋ ಪಾನಾ, ಇಕ್ಕಳದ ಚೀಲದಾಗ ಅವ. ರೊಟ್ಟಿ ಕಳದ್ರ ಮತ್ತ ಬಡೀಬಹುದು. ಬೋಲ್ಟ್ ಕಳದ್ರ?"

ಬಸವಕಲ್ಯಾಣದಲ್ಲಿ ಕೊನೆಗೂ ಸ್ವಂತ ಮನೆಯಾಯಿತು. "ಇನ್ನ ಸಿಮೆಂಟಿನಾಗ ಹೂತು ಬಿಡ್ರಿ ಕಾಕಾ" ಎಂದ ಮನೆ ಕಟ್ಟಿದ ಗೌಂಡಿ. ಕೇಳಬೇಕಲ್ಲ! ಈಗಲೂ ಪ್ರತಿ ಮಳೆಗಾಲಕ್ಕೆ ಮುಂಚೆ ಹಂದರ ಬಿಚ್ಚುವುದು, ಒರೆಸುವುದು, ಮತ್ತೆ ನಿಲ್ಲಿಸುವುದು. ಹೀರೆಕಾಯಿ ಕೀಳುವ ಹಕ್ಕು ಮಾತ್ರ ಕಾಕಿಯದು. ನಾನೊಮ್ಮೆ ಒಂದೇ ಒಂದು ಕಿತ್ತದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದಳು!

ಮೊನ್ನೆ ಆ ಹಂದರಕ್ಕೆ ಹಣೆ ಬಡಿಸಿಕೊಂಡು ನಾನು ವಾದ ಮಂಡಿಸಿದೆ.

"ಕಾಕಾ, ವರ್ಷಾ ವರ್ಷಾ ಇದು ಗಿಡ್ಡ ಆಗಾಕತ್ತದ!"

"ಕರಿ ಮಣ್ಣವ್ವಾ. ಕಂಬ ಇಳೀತಾವ."

ಸುಳ್ಳು! ಕಂಬ ಇಳಿದಿರಲಿಲ್ಲ, ಬೋಲ್ಟು ಇಳಿದಿತ್ತು, ಹೋದ ವರ್ಷಕ್ಕಿಂತ ಒಂದು ತೂತು ಕೆಳಕ್ಕೆ. ಖಂಡಿಸಲು ಬಾಯಿ ತೆರೆಯುವಷ್ಟರಲ್ಲಿ ಕಾಕಿ ಬಂದು ಕೈಯೆತ್ತಿದಳು. ಹೋದ ವರ್ಷ ತಲೆಗಿಂತ ಮೇಲೆ ಹೋಗುತ್ತಿದ್ದ ಕೈ ಈಗ ಕಿವಿಯ ಹತ್ತಿರವೇ ನಿಂತಿತು. ಅವಳ ಭುಜ ಅಷ್ಟೇ ಏಳುವುದು. ಸರಿಯಾಗಿ ಅಲ್ಲಿಯೇ, ಬೆರಳ ತುದಿಗೆ, ಹೀರೆಕಾಯಿ ತೂಗುತ್ತಿತ್ತು.

"ನೋಡ್, ಇವರಿಗಿ ಅಳತಿನೇ ಬರಂಗಿಲ್ಲ" ಎಂದು ನಗುತ್ತ ಕಿತ್ತುಕೊಂಡಳು.

"ಹೌದು, ಬರಂಗಿಲ್ಲ" ಎಂದ ಕಾಕಾ.

ಕಾಕಿ ಒಳಗೆ ಹೋದ ಮೇಲೆ ನಾನು ತೂತು ಎಣಿಸಿದೆ. ಬೋಲ್ಟಿನ ಕೆಳಗೆ ಇನ್ನೂ ಮೂರಿವೆ. ಕಟ್ಟಕಡೆಯದು ಕುರ್ಚಿಯಲ್ಲಿ ಕುಳಿತವರ ಕೈಯೆತ್ತರಕ್ಕೆ. ಅದರ ಅಂಚಿನ ತುಕ್ಕು ಮೇಲಿನ ತೂತಿನ ತುಕ್ಕಿನಷ್ಟೇ ಹಳೆಯದು.

"ಕಾಕಾ, ಇದನ್ನೂ ನೀ ಹಂದರ ಮಾಡಿದ ಆವತ್ತೇ ಕೊರದಿದ್ದೇನು?"