ಶುಂಠಿಗೆ ಅಡ್ಡ ನಿಂತ ನಾಲ್ವರು

ಫುಟ್‌ಬಾಲ್ ಟೀಮಿಗೆ ಡಿಫೆನ್ಸ್ ಕಟ್ಟುತ್ತೇನೆಂದು ಹೊರಟವನ ತಲೆ ನೆಟ್ಟಗೆ ಉಳಿಯುವುದಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ. ಒಂದು ರಗಳೆ ಮುಗಿಯಿತಲ್ಲ ಎಂದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ. ಯಸಳೂರಿನಲ್ಲಿ ನನ್ನದೊಂದು ಪುಟ್ಟ ಅಂಗಡಿ. ಕಳೆ ಹೊಡೆಯುವ ಮೆಷಿನ್ನು, ಪಂಪ್‌ಸೆಟ್ಟು ರಿಪೇರಿ ಮಾಡುತ್ತೇನೆ. ಸಂಜೆಯಾದರೆ ನಮ್ಮೂರ ಟೀಮಿನ ಕೋಚ್. ಕೋಚ್ ಅಂದರೆ ದೊಡ್ಡದಾಗಿ ತಿಳಿಯಬೇಡಿ, ಮಂಡಿ ಹೋಗಿ ಆಡಲಾಗದವನಿಗೆ ಕೊಡುವ ಸಮಾಧಾನದ ಹುದ್ದೆ ಅದು.

೧. ಷರತ್ತು

ಹೋದ ವರ್ಷ ನಾವು ಗೋಲ್ ತಿನ್ನದೆ ಮನೆಗೆ ಬಂದ ಮ್ಯಾಚೇ ಇಲ್ಲ. ಮುಂದೆ ಆಡುವವರು ಕಷ್ಟಪಟ್ಟು ಎರಡು ಹೊಡೆದರೆ, ಹಿಂದೆ ನಿಂತ ನಾಲ್ವರು ಆರಾಮಾಗಿ ಮೂರು ಬಿಟ್ಟುಕೊಡುತ್ತಿದ್ದರು.

ನಾವು ಆಡುವ ಜಾಗ ಅಮ್ಮಾವ್ರದು. ಅವರ ಕಾಫಿ ತೋಟದ ಪಕ್ಕದ ಇಳಿಜಾರಿನ ಹುಲ್ಲಿನ ಹಕ್ಕಲು, ಒಂದು ಗೋಲು ಮೇಲೆ, ಇನ್ನೊಂದು ಗೋಲು ಕೆಳಗೆ. ಯಜಮಾನರು ತೀರಿಹೋದ ಮೇಲೆ ಒಬ್ಬರೇ ನಿಂತು ತೋಟ ನಡೆಸಿದ ಹೆಂಗಸು. ಅರವತ್ತು ದಾಟಿದ್ದರೂ ಅವರ ದನಿ ಕೇಳಿದರೆ ನನ್ನ ಅಂಗಡಿಯ ಕೆಟ್ಟ ಮೆಷಿನ್ನೂ ಸ್ಟಾರ್ಟ್ ಆಗುತ್ತದೆ. ಸೀಸನ್ ಮುಗಿದ ವಾರಕ್ಕೇ ಕರೆಸಿದರು.

"ನೋಡಪ್ಪಾ, ಶುಂಠಿ ಹಾಕೋರು ಆ ಜಾಗ ಕೇಳ್ತಾವ್ರೆ. ನಾಲ್ಕು ಜನ ಗಂಡಸ್ರು ಸಾಲಾಗಿ ನಿಂತ್ಕಂಡು ಒಂದು ಚೆಂಡು ತಡಿಯಕ್ಕಾಗಲ್ಲ ಅಂದ್ರೆ ನಿಮಗ್ಯಾಕೆ ಗ್ರೌಂಡು?"

"ಮುಂದಿನ ವರ್ಷ ತಡೀತೀವಿ ಅಮ್ಮಾ."

"ಹಂಗಾದ್ರೆ ಸರಿ. ಕೊಯ್ಲು ಮುಗಿದ ಮೇಲೆ ಮೊದಲ್ನೇ ಮ್ಯಾಚು ಐತಲ್ಲ, ಅದ್ರಲ್ಲಿ ಒಂದೇ ಒಂದು ಗೋಲು ಒಳಗೆ ಹೋದ್ರೂ ಮಾರನೇ ದಿನ ಟ್ರಾಕ್ಟರ್ ಬರ್ತದೆ."

ಆ ಗ್ರೌಂಡ್ ಹೋದರೆ ಸುತ್ತಮುತ್ತ ಇನ್ನೊಂದಿಲ್ಲ, ಟೀಮೂ ಇಲ್ಲ. ಮೆಲ್ಲಗೆ ಕೇಳಿದೆ: "ಅಮ್ಮಾ, ಅವರು ಒಂದು ಹೊಡೆದು, ನಾವು ಐದು ಹೊಡೆದು ಗೆದ್ರೆ?"

"ಐದು ಆನೆ ಓಡ್ಸಿದ್ದೀವಿ, ಒಂದೇ ಒಂದು ತೋಟಕ್ಕೆ ನುಗ್ತು ಅಂತ ಯಾರಾದ್ರೂ ಸಿಹಿ ಹಂಚ್ತಾರೇನಪ್ಪಾ?" ಅಂದರು.

೨. ಕಣದಲ್ಲಿ ಪ್ಲಾನು

ನಮ್ಮ ಗೋಲ್‌ಕೀಪರ್ ಅಮ್ಮಾವ್ರ ತೋಟದಲ್ಲೇ ರೈಟರ್, ಅಂದರೆ ಆಳುಗಳ ಹಾಜರಿ, ಲೆಕ್ಕ ಬರೆಯುವವನು. ಕೊಯ್ಲಿನ ಕಾಲದಲ್ಲಿ ಅವನಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಹಾಗಾಗಿ ನಾನೇ ಕಾಫಿ ಒಣಹಾಕುವ ಕಣಕ್ಕೆ ಹೋದೆ. ಕಣದ ಮೂಲೆಯಲ್ಲಿ ಸ್ವಲ್ಪ ಜಾಗ ಮಾಡಿಕೊಂಡು ಡಿಫೆನ್ಸ್ ಜೋಡಿಸಿದೆವು. ಕಾಫಿ ಹಣ್ಣುಗಳು ನಮ್ಮವರು, ಮೆಣಸಿನ ಕಾಳು ಎದುರಾಳಿಗಳು.

ಒಂದು ಗಂಟೆ ಜಗಳವಾಡಿದೆವು. ಲೆಫ್ಟ್ ಬ್ಯಾಕನ್ನು ಎರಡು ಗೇಣು ಮುಂದೆ ತರಬೇಕು ಅಂತ ನಾನು, ಬೇಡ ಅಂತ ಅವನು. ನನ್ನ ಬಿಪಿ ಏರಿತು. ಅವನು ಹಾಜರಿ ಪುಸ್ತಕ ನೆಲಕ್ಕೆ ಬಡಿದ. ಕೊನೆಗೆ ಒಂದು ತೀರ್ಮಾನಕ್ಕೆ ಬಂದು, ಫೋಟೋ ತೆಗೆಯೋಣ ಅಂತ ನಾನು ಜೇಬಿನಿಂದ ಫೋನು ತೆಗೆಯುವಷ್ಟರಲ್ಲಿ ಕಾಫಿ ಹರಡುತ್ತಿದ್ದ ಹೆಂಗಸು ಸರ್ರನೆ ಬಂದು ಎಲ್ಲವನ್ನೂ ರಾಶಿಗೆ ಎಳೆದುಬಿಟ್ಟಳು.

"ಅಯ್ಯೋ! ನಮ್ಮ ಡಿಫೆನ್ಸ್ ಕಣಮ್ಮಾ ಅದು!" ಎಂದು ಕೂಗಿಕೊಂಡೆ.

ಅವಳು ರಾಶಿಯನ್ನು ದಿಟ್ಟಿಸಿ ನೋಡಿದಳು. "ಮೆಣಸು ಏಳೆಂಟು ಕಾಣ್ತಾ ಐತೆ ಸಾಮಿ. ನಿಮ್ಮೋರು ಎಲ್ಲವ್ರೆ ಅಂತ ಗೊತ್ತಾಗ್ತಿಲ್ಲ. ಹೋದ ವರ್ಷನೂ ಹಿಂಗೇ ಅಲ್ವಾ, ಮ್ಯಾಚಲ್ಲಿ ಎದುರಿನೋರು ಮಾತ್ರ ಕಾಣೋರು."

೩. ಏರೋ ಗಾಡಿಗೆ ದಾರಿ

ರೈಟ್ ಬ್ಯಾಕ್ ಆಡುವವನು ವನಗೂರು ಕಡೆ ಜೀಪ್ ಓಡಿಸುತ್ತಾನೆ. ಹದಿನೈದು ವರ್ಷದಿಂದ ಅದೇ ಘಾಟಿ, ಅದೇ ಜೀಪು. ಒಳ್ಳೆಯ ಕಾಲು, ಒಳ್ಳೆಯ ದಮ್ಮು. ಆದರೂ ಹೋದ ವರ್ಷದ ಗೋಲುಗಳಲ್ಲಿ ಅರ್ಧಕ್ಕರ್ಧ ಅವನ ಕಡೆಯಿಂದಲೇ ಬಂದಿದ್ದವು, ಅದೂ ನಾವು ಮೇಲಿನ ಗೋಲು ಕಾಯುವಾಗ ಮಾತ್ರ. ಕೆಳಗಿನ ಗೋಲು ಕಾಯುವಾಗ ಹುಲಿಯಂತೆ ಆಡುವವನು ಮೇಲೆ ಹೋದರೆ ಯಾಕೆ ಹೀಗಾಗುತ್ತಾನೆ ಅಂತ ನಿದ್ದೆಗೆಟ್ಟು ಯೋಚಿಸಿದೆ.

ಪ್ರಾಕ್ಟೀಸಿನಲ್ಲಿ ಅವನೊಬ್ಬನನ್ನೇ ಕಣ್ಣಿಟ್ಟು ನೋಡಿದೆ. ಕೆಳಗಿನಿಂದ ಫಾರ್ವರ್ಡ್ ಹುಡುಗ ಚೆಂಡು ತಳ್ಳಿಕೊಂಡು ಏದುಸಿರು ಬಿಡುತ್ತಾ ಏರಿ ಬಂದ. ನಮ್ಮವನು ನಾಲ್ಕು ಹೆಜ್ಜೆ ಮುಂದೆ ಹೋದ. ಹುಡುಗ ಹತ್ತಿರ ಬರುತ್ತಿದ್ದಂತೆ ತಣ್ಣಗೆ ಪಕ್ಕಕ್ಕೆ ಸರಿದು, ಬೇಲಿ ಒರಗಿಕೊಂಡು ನಿಂತುಬಿಟ್ಟ. ಹುಡುಗ ಹೋಗಿ ಗೋಲು ಹೊಡೆದ.

"ಏನೋ ಮಾರಾಯಾ! ದಾರಿ ಬಿಟ್ಟೆಯಲ್ಲೋ!" ಎಂದು ಬೊಬ್ಬೆ ಹೊಡೆದೆ.

"ಅಣ್ಣಾ, ಏರ್ತಾ ಇರೋ ಗಾಡಿಗೆ ಇಳಿಯೋನು ಸೈಡ್ ಕೊಡ್ಬೇಕಲ್ವಾ? ಕಾಲು ತಾನಾಗೇ ಹೋಗ್ಬುಡ್ತದೆ" ಅಂದ. ಹೇಳಿ ತಪ್ಪಾಯಿತು ಅನ್ನುತ್ತಾನೇನೋ ಅಂತ ಕಾದೆ. ಅವನ ಬೇಜಾರೇ ಬೇರೆ ಇತ್ತು.

"ಅಷ್ಟು ನೀಟಾಗಿ ಸೈಡ್ ಕೊಟ್ಟೆ. ಆ ಹುಡುಗ ಒಂದು ಕೈಯಾದ್ರೂ ಎತ್ಬೇಕೋ ಬೇಡ್ವೋ?"

೪. ಗಡಿ

ನಡುವೆ ನಿಲ್ಲುವ ಇಬ್ಬರು ಸ್ಟಾಪರ್‌ಗಳು ಒಡಹುಟ್ಟಿದ ಅಣ್ಣ ತಮ್ಮಂದಿರು. ಆಸ್ತಿ ಪಾಲಾದಾಗ ಒಂದು ಬೇಲಿಯ ವಿಷಯಕ್ಕೆ ಮಾತು ಬಿಟ್ಟವರು ಇಂದಿಗೂ ಮಾತಾಡಿಲ್ಲ. ಅಣ್ಣ ಹೇಳಬೇಕಾದ್ದನ್ನು ಗೋಲ್‌ಕೀಪರ್ ರೈಟರಿಗೆ ಹೇಳುತ್ತಾನೆ, ರೈಟರ್ ತಮ್ಮನಿಗೆ ದಾಟಿಸುತ್ತಾನೆ. "ಹತ್ತನೇ ನಂಬರಿನವನನ್ನ ಹಿಡ್ಕಳಕ್ಕೆ ಹೇಳಿ ಅವ್ನಿಗೆ" ಎಂಬ ಮಾತು ತಮ್ಮನ ಕಿವಿಗೆ ತಲುಪುವಷ್ಟರಲ್ಲಿ ಹತ್ತನೇ ನಂಬರಿನವನು ಗೋಲು ಹೊಡೆದು, ಕುಣಿದು, ವಾಪಸ್ ಹೋಗಿರುತ್ತಿದ್ದ.

ಅದಕ್ಕಿಂತ ದೊಡ್ಡ ತೊಂದರೆ, ಸರಿಯಾಗಿ ಇಬ್ಬರ ನಡುವೆ ಬರುವ ಚೆಂಡು. ಅದನ್ನು ಇಬ್ಬರೂ ಮುಟ್ಟುತ್ತಿರಲಿಲ್ಲ. ಮೂತಿ ತಿರುಗಿಸಿಕೊಂಡು ನಿಲ್ಲುತ್ತಿದ್ದರು.

ಅಣ್ಣನನ್ನು ಕೇಳಿದೆ. "ಅದು ಅವನ ಕಡೆ ಬಂದಿದ್ದು. ನಾನ್ಯಾಕೆ ಕಾಲು ಹಾಕ್ಲಿ? ಆಮೇಲೆ ಒತ್ತಿಕೊಂಡ ಅಂತಾನೆ." ತಮ್ಮನನ್ನು ಕೇಳಿದೆ. ಅದೇ ಉತ್ತರ, ಅಕ್ಷರ ಬದಲಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ನೋಡಿ.

ಬೇರೆ ಸ್ಟಾಪರ್ ಹುಡುಕೋಣವೆಂದರೆ ಅಷ್ಟು ಎತ್ತರದವರು ಊರಲ್ಲಿಲ್ಲ. ನಾಲ್ಕು ದಿನ ತಲೆ ಕೆಡಿಸಿಕೊಂಡು, ಐದನೇ ದಿನ ಸುಣ್ಣ ತಂದು ನಡುವೆ ಎರಡು ಗೆರೆ ಎಳೆದೆ. "ಈ ಗೆರೆಯ ಆಚೆ ನಿಂದು. ಆ ಗೆರೆಯ ಆಚೆ ನಿಮ್ಮಣ್ಣಂದು. ಮಧ್ಯದ ಎರಡು ಮಾರು ಇಬ್ಬರದೂ ಅಲ್ಲ, ಸರ್ಕಾರಿ ಜಾಗ" ಅಂದೆ.

ಅಷ್ಟೇ ಸಾಕಾಯಿತು. ಅಂದಿನಿಂದ ಅಲ್ಲಿಗೆ ಚೆಂಡು ಬಿದ್ದರೆ ಇಬ್ಬರೂ ಒಟ್ಟಿಗೇ ಒತ್ತುವರಿಗೆ ನುಗ್ಗುತ್ತಾರೆ.

೫. ಹಾಲಿನ ಹೊತ್ತು

ಲೆಫ್ಟ್ ಬ್ಯಾಕ್ ಬಗ್ಗೆ ದೂರು ಒಂದೇ. ಸಂಜೆ ಐದು ಹೊಡೆದರೆ ಡೈರಿಗೆ ಹಾಲು ಹಾಕಬೇಕೆಂದು ಗ್ರೌಂಡ್ ಬಿಟ್ಟು ನಡೆಯುತ್ತಾನೆ. ಹೋದ ವರ್ಷ ಒಂದು ಮ್ಯಾಚಿನಲ್ಲಿ ಎದುರಾಳಿಯ ಕಾಲಿನಿಂದ ಚೆಂಡು ಕಿತ್ತುಕೊಂಡವನು ಗಡಿಯಾರ ನೋಡಿ, ಚೆಂಡನ್ನು ಅವನಿಗೇ ವಾಪಸ್ ಕೊಟ್ಟು ಹೊರಟಿದ್ದ.

ಮೊದಲ ಮ್ಯಾಚಿನ ದಿನ ಒಂದು ಹೊತ್ತು ಬಿಟ್ಟುಕೊಡಲಿ ಎಂದು ಕೇಳಲು ಅವನ ಮನೆಗೇ ಹೋದೆ. ಹೆಂಡತಿ ಕಾಫಿ ಕೊಟ್ಟಳು.

"ತಂಗೀ, ಅವತ್ತೊಂದಿನ ನೀನೇ ಹಾಲು ಕರೆದು ಹಾಕಿ ಬಾರಮ್ಮಾ. ಇಲ್ದಿದ್ರೆ ಗ್ರೌಂಡೇ ಹೋಗ್ಬುಡ್ತದೆ" ಎಂದು ಕೈ ಮುಗಿದೆ.

"ಡೈರಿಗೆ ಬೇಕಾದ್ರೆ ನಾನೇ ಹೋಗ್ತೀನಿ ಅಣ್ಣಾ. ಆದ್ರೆ ಕರಿಯಕ್ಕೆ ಇವ್ರೇ ಆಗ್ಬೇಕು. ಬೇರೆ ಯಾರು ಹತ್ರ ಹೋದ್ರೂ ಹಸ ಒದಿತದೆ" ಅಂದಳು. ನಾನು ತಲೆ ಮೇಲೆ ಕೈ ಹೊತ್ತು ಕುಳಿತೆ. ಅವಳಿಗೆ ಕನಿಕರ ಬಂದಿರಬೇಕು.

"ಒಂದು ಕೆಲ್ಸ ಮಾಡಿ. ಇವ್ರನ್ನ ಇಲ್ಲೇ ಬಿಟ್ಟು ಹಸನ ಕರ್ಕಂಡು ಹೋಗಿ. ಹತ್ರ ಬಂದೋರ್ನ ಒದಿಯಕ್ಕೆ ಇವ್ರಿಗಿಂತ ಅದ್ಕೇ ಚೆನ್ನಾಗಿ ಬರ್ತದೆ."

೬. ಕೊನೆಯ ನಿಮಿಷ

ಮ್ಯಾಚು ಮೂರು ಗಂಟೆಗೆ ಎಂದು ನಿಗದಿಯಾಗಿತ್ತು. ಐದರೊಳಗೆ ಮುಗಿಯಬೇಕು ಎಂಬುದು ನನ್ನ ಲೆಕ್ಕ. ರೆಫರಿಯ ಬಸ್ಸು ದಾರಿಯಲ್ಲಿ ಪಂಚರ್ ಆಗಿ ಅವರು ಬಂದು ಸೀಟಿ ಊದಿದಾಗ ಮೂರೂ ಮುಕ್ಕಾಲು. ಅಲ್ಲೇ ನನ್ನ ಲೆಕ್ಕ ತಪ್ಪಿತು.

ಎದುರಾಳಿಗಳು ಕುಂದೂರು ಕಡೆಯವರು. ಅವರ ಫಾರ್ವರ್ಡ್ ಒಬ್ಬ ಚಿಗರೆಯಂತೆ ಓಡುತ್ತಿದ್ದ. ಆದರೂ ಹೇಳಲೇಬೇಕು, ನಮ್ಮ ನಾಲ್ವರು ಅವತ್ತು ಆಡಿದ ಹಾಗೆ ಹಿಂದೆಂದೂ ಆಡಿರಲಿಲ್ಲ. ಬರುವವರು ಏರುವ ಗಾಡಿಗಳಲ್ಲ, ತಿರುವಿನಲ್ಲಿ ಓವರ್‌ಟೇಕ್ ಮಾಡುವ ಕಳ್ಳರು ಎಂದು ಜೀಪಿನವನ ತಲೆಗೆ ತಿಂಗಳುಗಟ್ಟಲೆ ತುಂಬಿದ್ದೆ. ಅವನು ಒಬ್ಬನಿಗೂ ಸೈಡ್ ಕೊಡಲಿಲ್ಲ. ಅಣ್ಣ ತಮ್ಮಂದಿರು ಸರ್ಕಾರಿ ಜಾಗದಲ್ಲಿ ಹುಲ್ಲುಕಡ್ಡಿಯನ್ನೂ ಬಿಡಲಿಲ್ಲ. ಗೋಲು ನಾವೂ ಹೊಡೆಯಲಿಲ್ಲ, ಅವರೂ ಹೊಡೆಯಲಿಲ್ಲ.

ಅಮ್ಮಾವ್ರು ಮೇಲಿನ ಗೋಲಿನ ಪಕ್ಕ, ಅಂದರೆ ಎರಡನೇ ಅರ್ಧದಲ್ಲಿ ನಾವು ಕಾಯುತ್ತಿದ್ದ ಕಡೆ, ಕುರ್ಚಿ ಹಾಕಿಸಿಕೊಂಡು, ಬಿಸಿಲಿಗೆ ಕೊಡೆ ಹಿಡಿದು ಕುಳಿತಿದ್ದರು. ಅವರ ಹಿಂದೆ ಶುಂಠಿಯವನು ನಿಂತಿದ್ದ. ಅವನು ಆಟ ನೋಡುತ್ತಿರಲಿಲ್ಲ, ಹೆಜ್ಜೆ ಹಾಕಿ ಜಾಗ ಅಳೆಯುತ್ತಿದ್ದ.

ಐದಾಯಿತು. ಲೆಫ್ಟ್ ಬ್ಯಾಕ್ ಗಡಿಯಾರ ನೋಡಿದ, ನನ್ನ ಮುಖ ನೋಡಿದ. "ತಪ್ಪು ತಿಳ್ಕಬೇಡಿ ಅಣ್ಣಾ, ಹಸ ಕೂಗ್ತಾ ಇರ್ತದೆ" ಅಂದವನೇ ನಡೆದುಬಿಟ್ಟ. ಬೆಂಚಿನ ಮೇಲೆ ಬೇರೆ ಯಾರೂ ಇರಲಿಲ್ಲ. ಲಿಸ್ಟಿನಲ್ಲಿ ಕೊನೆಯ ಹೆಸರು ನಂದೇ. ಮಂಡಿಗೆ ಪಟ್ಟಿ ಬಿಗಿದುಕೊಂಡು ಇಳಿದೆ.

ಇನ್ನೂ ಇಪ್ಪತ್ತೈದು ನಿಮಿಷ. ನಾನು ಆ ಇಪ್ಪತ್ತೈದು ನಿಮಿಷದಲ್ಲಿ ನೆನಪಿಗೆ ಬಂದ ದೇವರಿಗೆಲ್ಲ ಹರಕೆ ಹೊತ್ತೆ. ಕೊನೆಯ ನಿಮಿಷದಲ್ಲಿ ಆ ಚಿಗರೆಯಂಥವನು ಚೆಂಡು ಹಿಡಿದು ನೇರ ನನ್ನ ಕಡೆಗೇ ಬಂದ. ನಾನು ಅಡ್ಡ ಹೋದೆ. ಅಂದರೆ ಮನಸ್ಸು ಹೋಯಿತು, ಮಂಡಿ ಬರಲಿಲ್ಲ. ಅವನು ನನ್ನನ್ನು ದಾಟಿದ. ರೈಟರ್ ಗೋಲು ಬಿಟ್ಟು ಮುಂದೆ ಹಾರಿದ, ಅವನನ್ನೂ ದಾಟಿದ. ಖಾಲಿ ಗೋಲು. ಚೆಂಡನ್ನು ಮೆಲ್ಲಗೆ ಒಳಕ್ಕೆ ತಳ್ಳಿದ. ನನ್ನ ಕಣ್ಣಿಗೆ ಆಗಲೇ ಟ್ರಾಕ್ಟರು, ಮಡಿ, ಶುಂಠಿಯ ಮೊಳಕೆ ಎಲ್ಲ ಕಾಣಿಸಿದವು.

ಆಗ ಗೋಲಿನ ಪಕ್ಕದಿಂದ ಏನೋ ಕಪ್ಪಗೆ ನುಗ್ಗಿತು. ನೋಡಿದರೆ ಅಮ್ಮಾವ್ರು! ಸೆರಗು ಸೊಂಟಕ್ಕೆ ಸಿಕ್ಕಿಸಿ, ತೆರೆದ ಕೊಡೆಯನ್ನು ಎರಡೂ ಕೈಯಲ್ಲಿ ಹಿಡಿದು ಗೋಲಿನ ಗೆರೆಯ ಮೇಲೆ ನಿಂತಿದ್ದರು. ಚೆಂಡು ಬಂದು ಕೊಡೆಗೆ ಬಡಿಯಿತು. ಎರಡು ಕಡ್ಡಿ ಮುರಿದವು, ಚೆಂಡು ಆಚೆ ಹೋಯಿತು.

ರೆಫರಿ ಓಡಿ ಬಂದರು. "ಏನಮ್ಮಾ ಇದು! ಹೊರಗಿನವರು ಹಿಂಗೆ ಒಳಗೆ ಬರಬಾರದು!"

"ಯಾರಪ್ಪಾ ಹೊರಗಿನೋರು? ಈ ಜಮೀನಿನ ಪಹಣಿ ತೋರಿಸ್ಲಾ?" ಅಂದರು ಅಮ್ಮಾವ್ರು.

ಹೊರಗಿನಿಂದ ಬಂದವರು ಚೆಂಡು ತಡೆದರೆ ಗೋಲು ಕೊಡುವಂತಿಲ್ಲ, ಆಟ ನಿಲ್ಲಿಸಿ ಚೆಂಡನ್ನು ಗೋಲ್‌ಕೀಪರಿಗೆ ಕೊಡಬೇಕು, ಅದೇ ರೂಲು. ಕುಂದೂರಿನವರು ಗಲಾಟೆ ಮಾಡಿದರು. ರೆಫರಿ ರೂಲು ಬಿಡಲಿಲ್ಲ. ನಮ್ಮ ರೈಟರ್ ಚೆಂಡು ಬೀಸಿ ಒದ್ದ, ರೆಫರಿ ಕೊನೆಯ ಸೀಟಿ ಊದಿದರು. ಒಂದು ಗೋಲೂ ಒಳಗೆ ಹೋಗಿರಲಿಲ್ಲ. ಎಲ್ಲರೂ ಕುಣಿದರು. ನನಗೆ ಮಾತ್ರ ಅಳು ಬಂತು, ಸುಳ್ಳು ಹೇಳುವುದಿಲ್ಲ.

ಕುಂಟುತ್ತಾ ಅಮ್ಮಾವ್ರ ಹತ್ತಿರ ಹೋದೆ. ಅವರು ಮುರಿದ ಕೊಡೆ ಮಡಚಲು ಒದ್ದಾಡುತ್ತಿದ್ದರು. "ಅಮ್ಮಾ, ಒಂದು ಗೋಲು ಹೋದ್ರೂ ಶುಂಠಿ ಹಾಕ್ತೀನಿ ಅಂದೋರು ನೀವೇ. ಹೋಗ್ತಾ ಇದ್ದಿದ್ದನ್ನ ಯಾಕಮ್ಮಾ ತಡೆದ್ರಿ?"

ಅಮ್ಮಾವ್ರು ನನ್ನನ್ನು ದುರುಗುಟ್ಟಿ ನೋಡಿದರು.

"ನನ್ನ ಜಮೀನಿಗೆ ಶುಂಠಿ ಹಾಕ್ಬೇಕೋ ಬೇಡ್ವೋ ಅನ್ನೋದನ್ನ, ಎಲ್ಲಿಂದಲೋ ಬಂದ ಚಡ್ಡಿ ಹುಡುಗ ಕಾಲಲ್ಲಿ ಒದ್ದು ತೀರ್ಮಾನ ಮಾಡ್ತಾನೇನೋ?"