ಹಳೇ ಕ್ಯಾಮೆರಾದ ವಾರಸುದಾರರು

ದುಬೈಯಲ್ಲಿ ಹೊಸ ಸಾಮಾನು ಕೊಳ್ಳುವುದು ದೊಡ್ಡ ವಿಷಯವಲ್ಲ. ಹಳೆಯದು ಊರಿನಲ್ಲಿ ಯಾರ ಮನೆಗೆ ಹೋಗಬೇಕು ಎಂಬುದೇ ದೊಡ್ಡ ವಿಷಯ. ನಮ್ಮ ಮನೆಯಲ್ಲಿ ಮಿಕ್ಸಿ, ಟೇಪ್ ರೆಕಾರ್ಡರ್, ಇಸ್ತ್ರಿಪೆಟ್ಟಿಗೆ ಎಲ್ಲದರಲ್ಲೂ ಇದೇ ಆಗಿದೆ. ಇಸ್ತ್ರಿಪೆಟ್ಟಿಗೆಯ ಕಾಲದಲ್ಲಂತೂ ಗಂಡನ ಕಡೆಯವರಿಗೂ ನನ್ನ ತವರಿನವರಿಗೂ ಒಂದು ವರ್ಷ ಮಾತಿರಲಿಲ್ಲ. ಹಾಗಾಗಿ ಡಿಜಿಟಲ್ ಕ್ಯಾಮೆರಾ ಬದಲಾಯಿಸೋಣವೇ ಎಂಬ ಮಾತು ಎದ್ದಾಗ ನಾನು ಹೆದರಿದ್ದು ಬೆಲೆಗಲ್ಲ.

ಬರ್ತ್‌ಡೇ ಫೋಟೋಗಳು

ನಮ್ಮದು ಮೂರು ಮೆಗಾಪಿಕ್ಸೆಲ್‌ನ ಪುಟ್ಟ ಕ್ಯಾಮೆರಾ. ಕೊಂಡ ಕಾಲಕ್ಕೆ ಅದೇ ದೊಡ್ಡದು. ಅದರ ಸ್ವಭಾವವೇನೆಂದರೆ, ಗುಂಡಿ ಒತ್ತಿದ ಮೇಲೆ ಸ್ವಲ್ಪ ಯೋಚನೆ ಮಾಡುತ್ತದೆ. ಅರ್ಜಿ ತಲುಪಿದೆ ಎನ್ನುವ ಹಾಗೆ ಒಂದು ಕೆಂಪು ದೀಪ ಮಿನುಗಿಸಿ, ಆಮೇಲೆ ತನಗೆ ಬಿಡುವಾದಾಗ ಫೋಟೋ ತೆಗೆಯುತ್ತದೆ.

ನಾವಿದ್ದದ್ದು ದುಬೈಯ ಡಿಸ್ಕವರಿ ಗಾರ್ಡನ್ಸ್ ಬಡಾವಣೆಯಲ್ಲಿ. ಮೇಲಿನ ಮಹಡಿಯ ಮಂಗಳೂರಿನ ದಂಪತಿಗೆ ಒಂದು ಮಗು. ಅದರ ಮೊದಲ ಹುಟ್ಟುಹಬ್ಬಕ್ಕೆ ಫೋಟೋ ತೆಗೆಯುವ ಕೆಲಸ ನನ್ನದಾಯಿತು. ಮಗುವಿನ ಕೈ ಹಿಡಿದು ಕೇಕ್ ಕತ್ತರಿಸಿದರು, ನಾನು ಒತ್ತಿದೆ. ಮೇಣದಬತ್ತಿ ಊದಿದರು, ಒತ್ತಿದೆ. ಅಜ್ಜಿ ತಿನ್ನಿಸಿದರು, ಒತ್ತಿದೆ. ಎಲ್ಲ ಮುಗಿದ ಮೇಲೆ ಕಂಪ್ಯೂಟರಿಗೆ ಹಾಕಿ ನೋಡಿದರೆ, ಮೊದಲನೆಯದರಲ್ಲಿ ಕೇಕ್ ಇತ್ತು, ಮಗು ಇರಲಿಲ್ಲ. ಎರಡನೆಯದರಲ್ಲಿ ಬರೀ ಹೊಗೆ. ಮೂರನೆಯದರಲ್ಲಿ ಅಜ್ಜಿ ಅಡುಗೆಮನೆಯ ಕಡೆ ಹೋಗುತ್ತಿದ್ದರು.

ಮಗುವಿನ ತಂದೆ ನಲವತ್ತು ಫೋಟೋಗಳನ್ನೂ ತಾಳ್ಮೆಯಿಂದ ನೋಡಿದರು.

"ಫೋಟೋ ಎಲ್ಲ ಚೆಂದ ಉಂಟು ಅಕ್ಕ," ಎಂದರು. "ಬರ್ತ್‌ಡೇ ಮುಗಿದ ಮೇಲಿನದ್ದು, ಅಷ್ಟೇ."

ಪರೀಕ್ಷೆ

ಮರುವಾರವೇ ಅವರು ಹತ್ತು ಮೆಗಾಪಿಕ್ಸೆಲ್‌ನ ಕ್ಯಾಮೆರಾ ಕೊಂಡು, ತೋರಿಸಲು ಕೆಳಗೆ ತಂದರು. ನಮ್ಮವರಿಗೆ ಕಂಪ್ಯೂಟರ್ ಕೆಲಸ. ಪರೀಕ್ಷೆ ಮಾಡದೆ ಯಾವುದನ್ನೂ ಒಪ್ಪುವವರಲ್ಲ. ನನ್ನನ್ನು ಕಿಟಕಿಯ ಪಕ್ಕ ಕೂರಿಸಿ, ಅಲ್ಲಾಡಬೇಡ ಎಂದು ಹೇಳಿ, ಎರಡು ಕ್ಯಾಮೆರಾದಲ್ಲೂ ಒಂದೊಂದು ಫೋಟೋ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟು ದೊಡ್ಡದು ಮಾಡಿದರು.

ನಮ್ಮದರಲ್ಲಿ ನನ್ನ ಮುಖ ಈಗಷ್ಟೇ ಸುಣ್ಣ ಬಳಿದ ಗೋಡೆಯಂತೆ ನುಣ್ಣಗಿತ್ತು. ಅವರದರಲ್ಲಿ ಗೋಡೆಯ ಬಿರುಕು, ಬಿರುಕಿಗೆ ಮಾಡಿದ ತೇಪೆ, ತೇಪೆ ಕಿತ್ತುಬಂದ ಜಾಗ ಎಲ್ಲವೂ ಇದ್ದವು. ನಮ್ಮ ಕ್ಯಾಮೆರಾಕ್ಕೆ ಏನೂ ಆಗಿಲ್ಲ, ಬದಲಾಯಿಸುವ ಅಗತ್ಯವೇ ಇಲ್ಲ ಎಂದೆ. ನಮ್ಮವರು ಇಪ್ಪತ್ತು ವರ್ಷ ಸಂಸಾರ ಮಾಡಿದವರು, ತಾವು ಏನೂ ಹೇಳದೆ ಎಂಟನೇ ಕ್ಲಾಸಿನ ಮಗಳನ್ನು ಕರೆದರು. ಅವಳು ಒಮ್ಮೆ ಪರದೆ ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು. ಹತ್ತು ಮೆಗಾಪಿಕ್ಸೆಲ್‌ನ ಕಡೆ ಬೆರಳು ತೋರಿಸಿದಳು.

"ಅಮ್ಮಾ, ದಿಸ್ ಒನ್ ಈಸ್ ಮೋರ್ ಅಕ್ಯುರೇಟ್."

ನಮ್ಮವರು ಅದನ್ನು ಎಕ್ಸೆಲ್ ಶೀಟಿನಲ್ಲಿ ಬರೆದುಕೊಂಡರು.

ಶುಕ್ರವಾರದ ಫೋನು

ಶುಕ್ರವಾರ ರಜೆ, ಬೆಳಿಗ್ಗೆ ಊರಿಗೆ ಫೋನು ಮಾಡುವುದು ರೂಢಿ. ಬಾಯಿ ತಪ್ಪಿ ನಮ್ಮವರು ಅತ್ತೆಯ ಹತ್ತಿರ ಕ್ಯಾಮೆರಾ ಬದಲಾಯಿಸುವ ಯೋಚನೆಯಿದೆ ಎಂದುಬಿಟ್ಟರು. ಹೊಸದು ಎಂಥದ್ದು, ಯಾವಾಗ ಎಂದು ಅತ್ತೆ ಕೇಳಲೇ ಇಲ್ಲ. ಹಳೇದು ನಿನ್ನ ತಂಗಿಗೆ ಅಂತ ಹೇಳಿಬಿಡ್ತೀನಿ ಕಣಪ್ಪ ಎಂದು ಅಲ್ಲಿಗೇ ಮುಗಿಸಿದರು. ಹತ್ತು ನಿಮಿಷ ಬಿಟ್ಟು ನನ್ನ ಅಮ್ಮನಿಗೆ ಫೋನು ಮಾಡಿದೆ. ಎಚ್ಚರಿಕೆಯಿಂದ ಮಾತು ತೆಗೆದರೆ, ಅಮ್ಮ ಒಂದು ತಿಂಗಳ ಹಿಂದೆಯೇ, ನಾವು ಯೋಚನೆ ಶುರು ಮಾಡುವ ಮೊದಲೇ, ಅದನ್ನು ಮಾತಿನಲ್ಲೇ ನನ್ನ ತಮ್ಮನಿಗೆ ಕೊಟ್ಟಾಗಿತ್ತು.

ಇರುವುದು ಒಂದು ಕ್ಯಾಮೆರಾ. ಎರಡು ಮನೆಯೂ ಮೈಸೂರಿನಲ್ಲಿ, ಎರಡು ಬೀದಿ ಅಂತರದಲ್ಲಿ. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಸಂಜೆಯೊಳಗೆ ಗೊತ್ತಾಗುತ್ತದೆ. ಆಮೇಲೆ ಮತ್ತೊಂದು ವರ್ಷ ಮೌನ. ಹೊಸದು ಕೊಳ್ಳದಿದ್ದರೆ ಹಳೆಯದು ಹುಟ್ಟುವುದೇ ಇಲ್ಲ, ಜಗಳವೂ ಇಲ್ಲ ಎಂದು ನಮ್ಮವರು ತೀರ್ಮಾನಿಸಿದರು. ಆ ಚಳಿಗಾಲದ ರಿಯಾಯಿತಿ ಮಾರಾಟ ನಮ್ಮನ್ನು ಮುಟ್ಟದೆ ಹೋಯಿತು.

ಆದರೆ ಅತ್ತೆ ಮಾತ್ರ ಪ್ರತಿ ಶುಕ್ರವಾರ, ಬಸುರಿ ಸೊಸೆಯ ಆರೋಗ್ಯ ವಿಚಾರಿಸುವಂತೆ ಕ್ಯಾಮೆರಾದ ಆರೋಗ್ಯ ವಿಚಾರಿಸತೊಡಗಿದರು. ಮಗಳ ಶಾಲೆಯ ನಾಟಕದಲ್ಲಿ ನೂರು ಫೋಟೋ ತೆಗೆದೆ ಎಂದು ಒಮ್ಮೆ ಹೇಳಿದೆ.

"ಫ್ಲ್ಯಾಶ್ ಸುಮ್ಮಸುಮ್ಮನೆ ಹೊಡೀಬೇಡಮ್ಮ," ಎಂದರು. "ಪಾಪ, ನಿನ್ನ ನಾದಿನಿಗೂ ಸ್ವಲ್ಪ ಉಳೀಲಿ."

ಅಂಗಡಿಯವರ ಸಲಹೆ

ಮುಂದಿನ ಚಳಿಗಾಲ ಬಂತು. ಊರಿಗೆ ಹೋಗಲು ಹತ್ತು ದಿನವಿತ್ತು. ನೋಡುವುದಕ್ಕೇನು ಎಂದು ದೇರಾ ಪೇಟೆಯ ಅಲ್ ಮುರಕ್ಕಬಾತ್‌ನ ಒಂದು ಕ್ಯಾಮೆರಾ ಅಂಗಡಿಗೆ ಹೋದೆವು. ಕೌಂಟರಿನಲ್ಲಿದ್ದವರು ಉಡುಪಿ ಕಡೆಯವರು. ನಮ್ಮವರು ಎಕ್ಸೆಲ್ ಶೀಟು ಬಿಡಿಸಿ ಜೂಮ್, ಬ್ಯಾಟರಿ, ಮೆಮೊರಿ ಕಾರ್ಡು ಎಂದು ಅರ್ಧ ಗಂಟೆ ಪ್ರಶ್ನೆ ಕೇಳಿದರು. ಅವರು ಎಲ್ಲದಕ್ಕೂ ಉತ್ತರ ಕೊಟ್ಟು, ಕೊನೆಗೆ ನಮ್ಮವರನ್ನು ಬಿಟ್ಟು ನನ್ನನ್ನು ಕೇಳಿದರು, ಹಳತು ಯಾರಿಗೆ ಅಂತ ಆಗಿದೆಯಾ ಮೇಡಂ?

ಆಗಿಲ್ಲ ಎಂದೆ. ಅವರು ಹೊರಗೆ ತೆಗೆದಿಟ್ಟ ಕ್ಯಾಮೆರಾಗಳನ್ನು ಒಂದೊಂದಾಗಿ ಗಾಜಿನೊಳಗೆ ಇಡತೊಡಗಿದರು. ಊರಿನವರು ಎಲ್ಲ ಇಲ್ಲಿಯೇ ಸಿಕ್ಕಿಬೀಳುವುದು, ನಾನು ಎಷ್ಟು ಜನ ನೋಡಿದ್ದೇನೆ ಎಂದರು. ನಮ್ಮ ಕಥೆ ಪೂರ್ತಿ ಕೇಳಿದರು. ವೈದ್ಯರ ಹಾಗೆ ತುಸು ಯೋಚಿಸಿದರು.

"ಒಂದು ಕೆಲಸ ಮಾಡಿ. ಹೊಸತು ಎರಡು ತಗೊಳ್ಳಿ. ಒಂದು ಅವರ ತಂಗಿಗೆ, ಒಂದು ನಿಮ್ಮ ತಮ್ಮನಿಗೆ. ಹಳತು ನೀವೇ ಇಟ್ಟುಕೊಳ್ಳಿ. ಯಾರಿಗೂ ಬೇಜಾರಿಲ್ಲ, ಖಲಾಸ್."

ನಾನು ನಕ್ಕೆ. ತಿರುಗಿ ನೋಡಿದರೆ ನಮ್ಮವರು ಶೀಟಿನಲ್ಲಿ ಅದಕ್ಕೊಂದು ಹೊಸ ಸಾಲು ಹಾಕುತ್ತಿದ್ದರು.

ಮೈಸೂರಿನಲ್ಲಿ

ಕೊನೆಗೆ ಏನೂ ಕೊಳ್ಳದೆ, ಹಳೇ ಕ್ಯಾಮೆರಾ ಕುತ್ತಿಗೆಗೆ ಹಾಕಿಕೊಂಡು ಊರಿಗೆ ಇಳಿದೆವು. ಅತ್ತೆಯ ಮನೆಯಲ್ಲಿ ಮೊದಲ ದಿನದ ಊಟ. ನಾದಿನಿಯೂ ಬಂದಿದ್ದಳು. ಕ್ಯಾಮೆರಾ ಇನ್ನೂ ಚೆನ್ನಾಗೇ ಇದೆ, ಸದ್ಯಕ್ಕೆ ಬದಲಾಯಿಸುತ್ತಿಲ್ಲ ಎಂದು ನಮ್ಮವರು ಹುಳಿಯನ್ನ ಕಲಸುತ್ತ, ಯಾರ ಮುಖವನ್ನೂ ನೋಡದೆ ಹೇಳಿದರು. ಅತ್ತೆ ಬಡಿಸುತ್ತಿದ್ದ ಸೌಟು ನಿಂತಿತು. ನಾದಿನಿ ಅರ್ಧ ಊಟಕ್ಕೇ ಕೈ ತೊಳೆದು ಕೋಣೆಯೊಳಗೆ ಹೋದಳು. ಶುರುವಾಯಿತು ಎಂದುಕೊಂಡೆ. ಮನಸ್ಸಿನಲ್ಲೇ ಒಂದು ವರ್ಷದ ಮೌನ ಲೆಕ್ಕ ಹಾಕಿದೆ.

ಅವಳು ವಾಪಸ್ ಬಂದಾಗ ಎರಡು ಕೈಯಲ್ಲೂ ಒಂದೊಂದು ಕ್ಯಾಮೆರಾ ಇತ್ತು.

"ನಿಮ್ಮದು ಬರುತ್ತೆ ಬರುತ್ತೆ ಅಂತ ಕಾದ್ವಿ ಅತ್ತಿಗೆ. ಆಗಲಿಲ್ಲ, ಹೋದ ವರ್ಷ ಇಲ್ಲೇ ಒಂದು ತಗೊಂಡ್ವಿ. ಅದೂ ಹಳೇದಾಯ್ತು, ಮೊನ್ನೆ ದಸರೆಗೆ ಇನ್ನೊಂದು ತಗೊಂಡ್ವಿ. ಅಮ್ಮನಿಗೆ ಹೇಳಿರಲಿಲ್ಲ. ಹೇಳಿದ್ರೆ ನಿಮ್ಮದು ನಿಮ್ಮ ತಮ್ಮನಿಗೆ ಹೋಗುತ್ತೆ ಅಂತ ಬೇಜಾರು ಮಾಡ್ಕೋತಿದ್ರು."

ಹೋದ ವರ್ಷದ್ದನ್ನು ನನ್ನ ಕೈಗಿಟ್ಟಳು. ಎಂಟು ಮೆಗಾಪಿಕ್ಸೆಲ್ ಅಂತೆ. ನೀವೇ ಇಟ್ಕೊಳಿ ಅತ್ತಿಗೆ, ನಿಮ್ಮದು ಪಾಪ ತುಂಬಾ ಹಳೇದು ಎಂದಳು. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ನಮ್ಮವರು ಎಡಗೈಯಲ್ಲೇ ಅದನ್ನು ತಿರುಗಿಸಿ ನೋಡಿ, ಚಾರ್ಜರ್ ಇದೆಯೇನೇ ಎಂದು ತಂಗಿಯನ್ನು ಕೇಳುತ್ತಿದ್ದರು.

ಮೂರು ಮೆಗಾಪಿಕ್ಸೆಲ್‌ನದು ಅದೇ ಸಂಜೆ ಎರಡು ಬೀದಿ ದಾಟಿ ತಮ್ಮನ ಮನೆ ಸೇರಿತು. ಯಾರೂ ಯಾರ ಜೊತೆಯೂ ಮಾತು ಬಿಡಲಿಲ್ಲ.

ದುಬೈಗೆ ಮರಳಿದ ಮೇಲಿನ ಶುಕ್ರವಾರ ಅಬುಧಾಬಿಯಿಂದ ಪರಿಚಯದವರೊಬ್ಬರು ಊಟಕ್ಕೆ ಬಂದರು. ಮೇಜಿನ ಮೇಲಿದ್ದ ಕ್ಯಾಮೆರಾ ಎತ್ತಿಕೊಂಡು, ಚೆನ್ನಾಗಿದೆಯಲ್ಲ, ದೇರಾದಲ್ಲಿ ತಗೊಂಡ್ರಾ ಎಂದು ಕೇಳಿದರು. ನಾನು ಅಡುಗೆಮನೆಯಿಂದಲೇ ಕಿವಿ ಕೊಟ್ಟು ನಿಂತೆ. ನಮ್ಮವರು ಮುಖದ ಒಂದು ಗೆರೆಯನ್ನೂ ಕದಲಿಸಲಿಲ್ಲ.

"ಇಲ್ಲಿಯದಲ್ಲ," ಎಂದರು. "ತಂಗಿ ಕೊಟ್ಟಿದ್ದು. ಫಾರಿನ್‌ನಲ್ಲಿದ್ದಾಳೆ."