ಕೌಜಲಗಿಯ ತಲಬಾಗಿಲು ಪಾಸಾದದ್ದು

ಮನೆ ಕಟ್ಟಿಸುವುದು ಏನು ಮಹಾ ಕೆಲಸ ಎಂದುಕೊಂಡಿದ್ದೆ. ಒಂದು ನಕಾಶೆ, ಒಂದು ಕರಾರು, ಮೂರು ಸರ್ಟಿಫಿಕೇಟು. ಇಷ್ಟಿದ್ದರೆ ಮನೆ ತಾನಾಗಿಯೇ ಎದ್ದು ನಿಲ್ಲುತ್ತದೆ. ಆಗ ನಾನು ಗೋಕಾಕದಲ್ಲಿ ಓವರ್ಸಿಯರನಾಗಿ ಎರಡು ವರ್ಷವಾಗಿತ್ತು. ಎರಡೂ ವರ್ಷ ರಸ್ತೆಗೆ ಖಡಿ ಹಾಕಿಸಿದ್ದೇ ಹೊರತು ಒಂದು ಕೋಳಿಗೂಡನ್ನೂ ಕಟ್ಟಿಸಿದವನಲ್ಲ. ಆದರೆ ಕಚೇರಿಯ ಕಪಾಟಿನಲ್ಲಿ ಸಾಹೇಬರ ಬಂಗಲೆಯೊಂದರ ನಕಾಶೆಯಿತ್ತು. ಅದನ್ನು ನಾನು ನಾಲ್ಕು ಸಲ ನೋಡಿದ್ದೆ.

ಕೌಜಲಗಿಯಲ್ಲಿ ನನ್ನ ಮಾವ ಚನ್ನಪ್ಪನವರು ಹಳೆಯ ಮನೆ ಕೆಡವಿ ಹೊಸದು ಕಟ್ಟಿಸಲು ಹೊರಟಿದ್ದರು. ಮೂಡಲಗಿಯ ಯಲ್ಲಪ್ಪ ಗವಂಡಿಗೆ ಎಲೆಅಡಿಕೆ ಕೊಟ್ಟು, ಬಾಯಿಮಾತಿನಲ್ಲೇ ಕೆಲಸ ಒಪ್ಪಿಸುವವರಿದ್ದರು. ನನ್ನ ಹೆಂಡತಿ ನೀಲವ್ವ ತವರಿಗೆ ಹೋಗಿ ಹಟ ಹಿಡಿದಳು. "ಮನ್ಯಾಗ ಓವರ್ಸಿಯರ ಅಳ್ಯಾ ಇರೂವಾಗ ಗವಂಡಿ ಹೇಳಿಧಂಗ ಕಟ್ಟಸ್ತೀ ಏನಪ್ಪಾ?" ಎಂದಳಂತೆ. ಮಾವ ಒಪ್ಪಿಕೊಂಡರು.

ತಿರುಗಿ ಬಂದವಳು ನನ್ನನ್ನು ಎದುರಿಗೆ ಕೂರಿಸಿಕೊಂಡಳು.

"ನೋಡ್ರಿ, ನಾಕ ಮಂದ್ಯಾಗ ನಿಮ್ಮ ಹೆಸರ ಹೇಳಿ ಬಂದೇನಿ. ಏನರ ಎಡವಟ್ಟ ಆದ್ರ ತವರಮನಿ ಹೊಸ್ತಲಾ ತುಳ್ಯಾಕ ನನಗ ಮಾರಿ ಇರೂದಿಲ್ಲ."

"ಎಡವಟ್ಟ ಹೆಂಗ ಆಗ್ತೈತಿ? ಎಲ್ಲಾ ಟೇಪ್ ಹಿಡದ ಮಾಡಸ್ತೇನಿ," ಎಂದೆ.

ಸಾಹೇಬರ ಬಂಗಲೆಯದನ್ನೇ ನೋಡಿ ನಕಾಶೆ ಬರೆದೆ. ಕರಾರನ್ನೂ ನಾನೇ ಬರೆದೆ. ಪಾಯ, ತಲಬಾಗಿಲು, ಮಾಳಿಗೆ ಎಂದು ಮೂರು ಹಂತ. ಪ್ರತಿ ಹಂತಕ್ಕೂ ಓವರ್ಸಿಯರನ ಸರ್ಟಿಫಿಕೇಟು ಆಗದ ಹೊರತು ಗವಂಡಿಗೆ ದುಡ್ಡಿಲ್ಲ. ಸದರಿ ಸರ್ಟಿಫಿಕೇಟು ಉಭಯತರಿಗೂ ಅಂತಿಮವಾಗಿದ್ದು, ಅದರ ಮೇಲೆ ಯಾರೂ ತಕರಾರು ಮಾಡತಕ್ಕದ್ದಲ್ಲ. ಪಾಸಾದ ಕೆಲಸವನ್ನು ಓವರ್ಸಿಯರನ ಲಿಖಿತ ಹುಕುಮಿಲ್ಲದೆ ಯಾರೂ ಮುಟ್ಟತಕ್ಕದ್ದಲ್ಲ. ಕೆಲಸ ನಡೆದಿರುವಾಗ ಮಾಲಕನು ನಡುವೆ ಬಾಯಿ ಹಾಕತಕ್ಕದ್ದಲ್ಲ. ಈ ಕೊನೆಯ ಮಾತನ್ನು ಓದುವಾಗ ಮಾತ್ರ ದನಿ ಸ್ವಲ್ಪ ತಗ್ಗಿಸಿದೆ.

"ಮನಿ ನಂದು. ನಾ ಮಾತಾಡಬಾರದೇನ್ರಿ ಅಳ್ಯಾರ?" ಎಂದರು ಮಾವ.

"ಕಾಯ್ದೆ ಹಂಗ ಐತ್ರಿ ಮಾವಾರ."

"ಹಂಗಾರ ಸುಮ್ನ ಕುಂಡ್ರತೇನಿ ತಗೋರಿ," ಎಂದು ಹೆಬ್ಬೆಟ್ಟು ಒತ್ತಿದರು. ಯಲ್ಲಪ್ಪನೂ ಒತ್ತಿದ. ನಾನು ಉದ್ದವಾಗಿ ಇಂಗ್ಲಿಷಿನಲ್ಲಿ ಸಹಿ ಮಾಡಿ, ಕೆಳಗೆ ಎರಡು ಗೆರೆ ಎಳೆದೆ.

ಪಾಯ ಮುಗಿಯಿತು. ಟೇಪು ಹಿಡಿದು ಅಳೆದರೆ ಒಂದು ಮೂಲೆ ಅರ್ಧ ಇಂಚು ಹೊರಗಿತ್ತು. ಯಲ್ಲಪ್ಪ ಮೂವತ್ತು ವರ್ಷದಿಂದ ಕಣ್ಣಳತೆಯಲ್ಲೇ ಮನೆ ಕಟ್ಟಿದವನು. ಅವನು ಕಟ್ಟಿದ್ದರಲ್ಲಿ ಒಂದೂ ಬಿದ್ದಿಲ್ಲ ಎಂದು ಸುತ್ತಲಿನ ಊರವರು ಹೇಳುತ್ತಾರೆ. ಆದರೆ ಅಧಿಕಾರವೆಂದರೆ ಏನೆಂದು ಅವನಿಗೆ ತಿಳಿಯಬೇಡವೇ? ಸರ್ಟಿಫಿಕೇಟು ಕೊಡುವುದಿಲ್ಲವೆಂದೆ.

"ಅರ್ಧಾ ಇಂಚಿಗೆ ಯಾರ ಸಾಯ್ತಾರ್ರಿ ಸಾಹೇಬ್ರ?" ಎಂದ.

"ನಕಾಶಿ ಅಂದ್ರ ನಕಾಶಿ," ಎಂದೆ. ಆ ಮೂಲೆಯನ್ನು ಕೆಡವಿ ಕಟ್ಟಲು ಅವನಿಗೆ ಮೂರು ದಿನ ಹಿಡಿಯಿತು. ಮೂರೂ ದಿನ ನಾನು ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದೆ. ಮಾವ ಬಂದು ನೋಡಿ, ಬಾಯಿ ತೆರೆದು, ಕರಾರಿನ ನೆನಪಾಗಿ ಬಾಯಿ ಮುಚ್ಚಿಕೊಂಡು ಹೋದರು.

ತಲಬಾಗಿಲಿನ ಚೌಕಟ್ಟು ನಿಲ್ಲಿಸುವ ದಿನ ಯಲ್ಲಪ್ಪ ನಕಾಶೆಯನ್ನು ಹಿಡಿದುಕೊಂಡು ಬಂದ.

"ಸಾಹೇಬ್ರ, ತಲಬಾಗಲಾ ಇದರಾಗ ಎರಡೂವರಿ ಫೂಟ ಐತ್ರಿ. ನಮ್ಮ ಕಡೆ ಇಷ್ಟ ಸಣ್ಣದ ಇಡೂದಿಲ್ರಿ."

"ನಕಾಶಿ ನೀ ಬರದಿಯೋ, ನಾ ಬರದೇನೋ?"

"ನೀವ ಬರದೀರಿ."

"ಮತ್ತ?"

"ಮತ್ತೇನಿಲ್ರಿ," ಎಂದ ಯಲ್ಲಪ್ಪ. ಹಾಗೆನ್ನುವಾಗ ಅವನ ಮುಖದಲ್ಲಿ ಒಂದು ಶಾಂತಿ ಕಂಡಿತು. ಆ ಶಾಂತಿಗೆ ನಾನು ಹೆದರಬೇಕಾಗಿತ್ತು.

ಚೌಕಟ್ಟು ನಿಂತಿತು. ಅಳೆದೆ. ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಸಂತೋಷದಿಂದ ಸರ್ಟಿಫಿಕೇಟು ಬರೆದೆ: "ಸದರಿ ತಲಬಾಗಿಲನ್ನು ಖುದ್ದಾಗಿ ಪರೀಕ್ಷಿಸಲಾಗಿ ಸರ್ವಥಾ ನಿರ್ದೋಷವಾಗಿದ್ದು, ಉದ್ದೇಶಿತ ಉಪಯೋಗಕ್ಕೆ ಯೋಗ್ಯವಾಗಿರುತ್ತದೆ." ಮುಂದೆ ಮಾಳಿಗೆಯೂ ಪಾಸಾಯಿತು. ಒಳಗೆ ಬಾಗಿಲ ಬಾಜೂಕ್ಕೇ, ಎರಡು ಎತ್ತು ಆರಾಮಾಗಿ ನಿಂತು ಮೇಯುವಂತೆ, ಎಂಟು ಅಡಿ ಉದ್ದದ ಮೇವಿನ ಗ್ವಾದಲಿ ಕಟ್ಟಿಸಿದ್ದೆ. ಅಂಥ ಗ್ವಾದಲಿ ಕೌಜಲಗಿಯಲ್ಲಿ ಇನ್ನೊಂದಿರಲಿಲ್ಲ.

ಮನೆ ಹೊಗುವ ದಿನ ಊರಿಗೆ ಊರೇ ಬಂದಿತ್ತು. ನಮ್ಮ ಕಡೆ ಹೊಸ ಮನೆಯಲ್ಲಿ ಮೊದಲು ಕಾಲಿಡುವುದು ಎತ್ತು, ಆಮೇಲೆ ಮಂದಿ. ಮಾವನ ಎತ್ತಿನ ಹೆಸರು ಬಿಳಿಯಾ. ಕೊಂಬಿಗೆ ಬಣ್ಣ ಹಚ್ಚಿ, ಮೈಮೇಲೆ ಜೂಲು ಹೊದಿಸಿದ್ದರು. ಅದರ ಕೊಂಬುಗಳು ಅಗಲವಾಗಿ ಹರಡಿ ಮೇಲಕ್ಕೆ ಬಾಗಿದ್ದವು. ತುದಿಯಿಂದ ತುದಿಗೆ ಮೂರು ಅಡಿಗೆ ಕಡಿಮೆಯಿಲ್ಲ. ಎತ್ತು ಬಾಗಿಲಿಗೆ ಬಂತು. ಕೊಂಬು ಟಕ್ಕೆಂದು ಚೌಕಟ್ಟಿಗೆ ಬಡಿಯಿತು. ಹಿಂದೆ ಸರಿದು ಮತ್ತೆ ಬಂತು. ಮತ್ತೆ ಟಕ್.

ಸಾಹೇಬರು ಬಂಗಲೆಯೊಳಗೆ ಎತ್ತು ಕಟ್ಟುವುದಿಲ್ಲ ಎಂಬ ಸಂಗತಿ ನನಗೆ ಆ ಹೊತ್ತಿನವರೆಗೆ ಹೊಳೆದೇ ಇರಲಿಲ್ಲ.

"ಏನ್ರಿ ಇದು?" ಎಂದಳು ನೀಲವ್ವ. ಆರತಿಯ ತಟ್ಟೆ ಹಿಡಿದುಕೊಂಡೇ ಬಾಗಿಲ ತನಕ ಬಂದಳು.

"ಏನಿಲ್ಲ. ಕುತ್ತಿಗಿ ಸ್ವಲ್ಪ ವಾರಿ ಮಾಡಿದ್ರ ಆತು," ಎಂದು ನಾನೇ ಹಗ್ಗ ಹಿಡಿದು ಮೊದಲು ಒಳಹೊಕ್ಕೆ. ಎತ್ತಿಗಿಂತ ಮುಂಚೆ ಅಳಿಯ ಹೊಕ್ಕದ್ದನ್ನು ಕಂಡು ಮುದುಕಿಯರು ಬಾಯಿಗೆ ಸೆರಗು ಹಿಡಿದರು. ನಾನು ಬಿಳಿಯಾನ ಕತ್ತು ತಿರುಗಿಸಿ ಒಂದು ಕೊಂಬನ್ನು ಒಳಗೆ ತಂದೆ. ಹಗ್ಗ ಜಗ್ಗಿ ಇನ್ನೊಂದನ್ನೂ ತಂದೆ. ತಲೆ ಒಳಗೆ ಬಂತು, ಭುಜವೂ ಬಂತು. ಮುಂದೆ ಜೂಲು ಹೊದ್ದ ಹೊಟ್ಟೆ ಚೌಕಟ್ಟಿನಲ್ಲಿ ಬೆಣೆ ಬಡಿದಂತೆ ಕೂತುಬಿಟ್ಟಿತು. ಹಿಂದೆ ಹೋಗೆಂದರೆ ಕೊಂಬು ಒಳಗಿನಿಂದ ಅಡ್ಡ.

ಬಿಳಿಯಾ ಅರ್ಧ ಮನೆಯೊಳಗೆ, ಅರ್ಧ ಬೀದಿಯಲ್ಲಿ. ನಾನು ಪೂರ್ತಿ ಒಳಗೆ. ಕಿಟಕಿಗೆಲ್ಲ ಸರಳು. ಹಿತ್ತಲ ಬಾಗಿಲನ್ನು ಕಳ್ಳರ ಭಯಕ್ಕೆ ನಾನೇ ನಕಾಶೆಯಿಂದ ತೆಗೆದುಹಾಕಿದ್ದೆ.

ಮಾವನ ದನಿ ಎತ್ತಿನ ಬೆನ್ನಿನ ಮೇಲಿಂದ ಕೇಳಿತು. "ಅಳ್ಯಾರ, ಬಸವಣ್ಣ ಹೋಗಲಾರದ ಮನಿಯೊಳಗ ನಾ ಕಾಲ ಇಡೂದಿಲ್ಲ. ಮನಿ ನೀವ ಇಟಗೋರಿ."

"ಯಲ್ಲಪ್ಪಾ, ಕಬ್ಬಣದ ಹಾರಿ ತಗೊಂಡ ಚೌಕಟ್ಟ ಕೀಳೋ," ಎಂದು ಕೂಗಿದೆ.

"ಅದ ಪಾಸ್ ಆದ ಕೆಲಸ ಐತ್ರಿ ಸಾಹೇಬ್ರ," ಎಂದ ಯಲ್ಲಪ್ಪ ಹೊರಗಿನಿಂದ. "ಬರದ ಹುಕುಂ ಇಲ್ದ ಮುಟ್ಟಾಕ ಬರೂದಿಲ್ರಿ. ಕರಾರ ಓದಿದ್ದ ನೀವ."

"ಈಗ ಬಾಯಿಂದ ಹೇಳಾಕತ್ತೇನಿ ಅಲ್ಲ?"

"ಆವತ್ತ ಅರ್ಧಾ ಇಂಚಿನ ಸಂಬಂಧ ನಾನೂ ಬಾಯಿಂದ ಹೇಳಿದ್ನಿರಿ."

ಹೊರಗೆ ಮಂದಿ ನಕ್ಕರು. ನಡುವೆ ನೀಲವ್ವ ಅಳುವುದು ಕೇಳಿತು. ಅದನ್ನು ಕೇಳಿ ನನ್ನ ಓವರ್ಸಿಯರಗಿರಿಯೆಲ್ಲ ಇಳಿದುಹೋಯಿತು. ನನ್ನನ್ನು ನಂಬಿ ನಾಲ್ಕು ಜನರಲ್ಲಿ ಹೆಸರು ಹೇಳಿದವಳು ಅವಳು.

ಕೋಟಿನ ಜೇಬಿನಲ್ಲಿ ತಲಬಾಗಿಲಿನ ಸರ್ಟಿಫಿಕೇಟಿನ ನಕಲು ಇತ್ತು. ಸಭೆಯಲ್ಲಿ ಓದಿ ಹೇಳಬೇಕೆಂದು ತಂದದ್ದು. ಅದನ್ನು ತಿರುವಿ, ಗ್ವಾದಲಿಯ ಅಂಚಿನ ಮೇಲಿಟ್ಟು, ಪೆನ್ಸಿಲಿನಿಂದ ಬರೆದೆ: "ಹಿಂಬದಿಯಲ್ಲಿ ಬರೆದದ್ದು ಸರ್ವಥಾ ತಪ್ಪು. ಗವಂಡಿಯ ತಪ್ಪು ಏನೂ ಇಲ್ಲ. ತಪ್ಪು ಸಹಿ ಮಾಡಿದವನದು. ಬಾಗಿಲು ಒಡೆಯತಕ್ಕದ್ದು." ಈ ಸಲ ಸಹಿ ಗಿಡ್ಡವಾಗಿ ಬಂತು. ಕೆಳಗೆ ಗೆರೆ ಎಳೆಯಲಿಲ್ಲ. ಕಾಗದವನ್ನು ಬಿಳಿಯಾನ ಬೆನ್ನಿನ ಮೇಲಿಂದ ಹೊರಗೆ ದಾಟಿಸಿದೆ. ಸಾಲಿ ಮಾಸ್ತರರು ಅದನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿದರು. ಅಷ್ಟು ಗಟ್ಟಿಯಾಗಿ ಓದುವ ಅಗತ್ಯವಿರಲಿಲ್ಲ.

ಯಲ್ಲಪ್ಪ ಹಾರೆ ಎತ್ತಿದ. ಅರ್ಧ ತಾಸಿನಲ್ಲಿ ಚೌಕಟ್ಟು ಸಡಿಲಾಗಿ ಬಿಳಿಯಾ ಒಳಗೆ ಬಂದು, ನೆಟ್ಟಗೆ ಗ್ವಾದಲಿಗೆ ಹೋಗಿ ಮೇಯತೊಡಗಿತು. ಮಾವ ಅದರ ಹಿಂದೆ ಬಲಗಾಲಿಟ್ಟು ಒಳಗೆ ಬಂದರು. ನೀಲವ್ವ ಎತ್ತಿಗೆ ಆರತಿ ಎತ್ತಿದಳು, ಅಪ್ಪನಿಗೆ ಎತ್ತಿದಳು, ಆಮೇಲೆ ಯಲ್ಲಪ್ಪನಿಗೂ ಎತ್ತಿದಳು. ನನ್ನ ಸರದಿ ಬರುವ ಹೊತ್ತಿಗೆ ದೀಪ ಆರಿತ್ತು.

ಹತ್ತು ದಿನಕ್ಕೆ ಹೊಸ ಚೌಕಟ್ಟು ನಿಂತಿತು. ಕರಾರಿನ ಪ್ರಕಾರ ಸರ್ಟಿಫಿಕೇಟು ಬೇಕಲ್ಲ? ನಾನು ಟೇಪು ತೆಗೆದೆ.

"ನೀವ ಕುಂಡ್ರಿ ಅಳ್ಯಾರ. ದಣದೀರಿ," ಎಂದರು ಮಾವ. ಬಿಳಿಯಾನನ್ನು ಬಿಚ್ಚಿ ಹೊರಗೆ ಕಳಿಸಿದರು, ಮತ್ತೆ ಒಳಗೆ ಹೊಡೆದರು. ಕೊಂಬು ಎಲ್ಲೂ ತಾಗಲಿಲ್ಲ. "ಪಾಸ್ ಆತು ನೋಡ ಯಲ್ಲಪ್ಪಾ," ಎಂದು ದುಡ್ಡು ಕೊಟ್ಟುಬಿಟ್ಟರು.

ಈ ಸುದ್ದಿ ಸುತ್ತಮುತ್ತ ಹಬ್ಬಿತು. ಈಗ ಕೌಜಲಗಿಯಲ್ಲಿ ಯಾರೇ ಹೊಸ ಬಾಗಿಲು ನಿಲ್ಲಿಸಲಿ, ಮೊದಲು ಮಾವನ ಮನೆಗೆ ಬಂದು ಬಿಳಿಯಾನನ್ನು ಕರೆದೊಯ್ಯುತ್ತಾರೆ. ಒಂದು ಪೆಂಡಿ ಜೋಳದ ಕಣಿಕೆ ಮೇಯಿಸಿ ಮರ್ಯಾದೆಯಿಂದ ಕಳಿಸಿಕೊಡುತ್ತಾರೆ. ಗೋಕಾಕದಿಂದ ಬಂದಾಗಲೆಲ್ಲ ಅದರ ಬಾಜೂಕ್ಕೆ ಓವರ್ಸಿಯರನಾದ ನಾನು ಕೂತಿರುತ್ತೇನೆ. ಬಂದವರು ನನಗೂ ನಮಸ್ಕಾರ ಮಾಡಿ, ಎತ್ತಿನ ಹಗ್ಗ ಬಿಚ್ಚಿಕೊಡಿರೆಂದು ಕೇಳುತ್ತಾರೆ. ಬಿಚ್ಚಿಕೊಡುತ್ತೇನೆ.